ಹರ್ಪಿಸ್ ಮತ್ತು ಮೆದುಳು ಜ್ವರ: ನಮ್ಮ ಕಡೆಯವರು ಪದೇ ಪದೇ ಕೇಳೋ ಪ್ರಶ್ನೆಗಳು

ಮೂರು ವರ್ಷದ ಹಿಂದೆ ಆಷಾಢದಲ್ಲಿ ನಮ್ಮ ಆಯಿಗೆ (ಅಮ್ಮಂಗೆ) ಹರ್ಪಿಸ್ ವೈರಸ್ ಮೆದುಳಿಗೆ ಹೋಗಿ ಉರಿಯೂತ ಆಗೋ ಈ ಕಾಯಿಲೆ ಬಂತು, ಆಗ ಅವಳಿಗೆ 61. ಅವತ್ತಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರ, ಘಟ್ಟದ ಕೆಳಗೆ ಕುಮಟಾ, ಹೊನ್ನಾವರದಿಂದ್ಲೂ ಯಾರ್ಯಾರೋ ನನ್ನ ನಂಬರ್ ತಗೊಂಡು ಫೋನ್ ಮಾಡ್ತಾರೆ, ಕೆಲವರು ಆಸ್ಪತ್ರೆ ಹೊರಗೆ ನಿಂತ್ಕೊಂಡೇ ಮಾಡಿರ್ತಾರೆ, ಕೇಳೋದು ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಅದಕ್ಕೇ ಎಲ್ಲಾ ಒಂದೇ ಕಡೆ ಬರೆದಿಡ್ತಾ ಇದೀನಿ. ನಾನು ಡಾಕ್ಟರ್ ಅಲ್ಲ, ಇಪ್ಪತ್ತೊಂದು ದಿನ ಆಯಿ ಮಂಚದ ಪಕ್ಕ ಕೂತು ಡಾಕ್ಟರನ್ನ ಕೇಳಿ ಕೇಳಿ ಕಲಿತಿದ್ದು, ಆಮೇಲೆ ಓದಿ ತಿಳ್ಕೊಂಡಿದ್ದು ಇಷ್ಟು. ಟೈಮ್ ಇಲ್ಲದೇ ಇರೋರು ಇದೊಂದು ಓದ್ಕೊಳ್ಳಿ: ಜ್ವರದ ಜೊತೆ ಮನುಷ್ಯನ ಮಾತು ಇಲ್ಲಾ ನಡವಳಿಕೆ ಬದಲಾದ್ರೆ ಅವತ್ತೇ ದೊಡ್ಡಾಸ್ಪತ್ರೆಗೆ ಹೊರಡಿ, ಬೆಳಗಾಗ್ಲಿ ಅಂತ ಕಾಯಬೇಡಿ.

ಹರ್ಪಿಸ್ ಅಂದ್ರೆ ಅದು "ಆ ತರದ" ಕಾಯಿಲೆ ಅಲ್ವಾ? ನಮ್ಮನೆಯವರಿಗೆ ಹೆಂಗೆ ಬಂತು?

ಈ ಪ್ರಶ್ನೆನ ಎಲ್ರೂ ದನಿ ತಗ್ಗಿಸಿ ಕೇಳ್ತಾರೆ. ಒಬ್ಬರಂತೂ ರಿಪೋರ್ಟಲ್ಲಿ ಹರ್ಪಿಸ್ ಅಂತ ನೋಡಿ ಅದನ್ನ ಮಡಚಿ ಸೀರೆ ಸೆರಗಲ್ಲಿ ಇಟ್ಕೊಂಡಿದ್ರಂತೆ, ಗಂಡನ ಅಣ್ಣಂದಿರಿಗೂ ತೋರಿಸ್ಲಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ, ನಾಚಿಕೆ ಪಡೋ ವಿಷಯ ಇದರಲ್ಲಿ ಏನೂ ಇಲ್ಲ.

ಹರ್ಪಿಸ್ ಸಿಂಪ್ಲೆಕ್ಸ್ ವೈರಸ್‌ನಲ್ಲಿ ಎರಡು ಬಗೆ. ಒಂದನೇದು ಸಾಮಾನ್ಯವಾಗಿ ತುಟಿ, ಬಾಯಿದು. ಜ್ವರ ಬಂದು ಹೋದಾಗ, ಬಿಸಿಲಲ್ಲಿ ದಣಿದಾಗ ತುಟಿ ಅಂಚಲ್ಲಿ ನೀರು ತುಂಬಿದ ಸಣ್ಣ ಗುಳ್ಳೆ ಗುಂಪು ಏಳುತ್ತಲ್ಲ, ನಮ್ಮ ಅಜ್ಜಿಯರು ಜೇಡ ಉಚ್ಚೆ ಹೊಯ್ದಿದೆ ಅಂತಿದ್ರಲ್ಲ, ಅದೇ ಇದು. ಎರಡನೇದು ಹೆಚ್ಚಾಗಿ ಜನನಾಂಗದ್ದು. ದೊಡ್ಡವರಲ್ಲಿ ಮೆದುಳಿಗೆ ಹೋಗೋದು ಬಹುತೇಕ ಒಂದನೇ ಬಗೆದು. ಜಗತ್ತಿನಲ್ಲಿ 50 ವರ್ಷದೊಳಗಿನ ನೂರು ಜನದಲ್ಲಿ ಸುಮಾರು 64 ಜನರ ಮೈಯಲ್ಲಿ ಇದು ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಹೆಚ್ಚಿನವರಿಗೆ ಚಿಕ್ಕೋರಿದ್ದಾಗಲೇ ಅಂಟಿರುತ್ತೆ, ಯಾರೋ ಮುದ್ದು ಮಾಡಿದ್ದಕ್ಕೋ ಎಂಜಲು ತಾಗಿದ್ದಕ್ಕೋ. ಮದುವೆ ಮನೆಲಿ ಸಾಲಾಗಿ ಊಟಕ್ಕೆ ಕೂತವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಒಳಗೆ ಇರೋ ವೈರಸ್ ಇದು.

ಹಂಗಾದ್ರೆ ತುಟಿ ಮೇಲೆ ಗುಳ್ಳೆ ಬರೋರಿಗೆಲ್ಲ ಮೆದುಳಿಗೆ ಹೋಗುತ್ತಾ?

ಇಲ್ಲ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಎರಡರಿಂದ ನಾಲ್ಕು ಜನಕ್ಕೆ ಮಾತ್ರ ಹಾಗಾಗೋದು. ತುಟಿ ಗುಳ್ಳೆ ನೋಡಿ ಹೆದರಬೇಡಿ. ಇನ್ನೊಂದು ಕಡೆಯಿಂದ ನೋಡಿದ್ರೆ, ಗುಳ್ಳೆ ಇಲ್ಲ ಅಂತ ನಿಶ್ಚಿಂತೆಯಾಗಿ ಕೂರೋ ಹಾಗೂ ಇಲ್ಲ, ಆಯಿ ತುಟಿ ಮೇಲೆ ಒಂದು ಗುಳ್ಳೆನೂ ಇರ್ಲಿಲ್ಲ.

ತುಟಿಲಿ ಇರೋದು ಮೆದುಳಿಗೆ ಹೆಂಗೆ ಹೋಗುತ್ತೆ?

ಈ ವೈರಸ್ ಒಂದ್ಸಲ ಮೈಗೆ ಬಂದ್ರೆ ಜೀವಮಾನ ಪೂರ್ತಿ ಹೋಗಲ್ಲ. ಮುಖದ ಸ್ಪರ್ಶ ಜ್ಞಾನಕ್ಕೆ ಟ್ರೈಜೆಮಿನಲ್ ಅಂತ ಒಂದು ನರ ಇದೆ, ಅದರ ಗಂಟು ತಲೆಬುರುಡೆ ತಳದಲ್ಲಿದೆ, ಅಲ್ಲಿ ಹೋಗಿ ಸುಮ್ನೆ ಮಲಗಿರುತ್ತೆ. ಮೈ ಸೋತಾಗ ಎದ್ದು ಅದೇ ನರದ ದಾರಿಲಿ ತುಟಿಗೆ ಇಳಿದ್ರೆ ಗುಳ್ಳೆ, ತೀರಾ ಅಪರೂಪಕ್ಕೆ ತಿರುಗಿ ಮೇಲಕ್ಕೆ ಹೋದ್ರೆ ಮೆದುಳಿನ ಉರಿಯೂತ. ಮೂಗಿನ ವಾಸನೆ ನರದ ಮೂಲಕನೂ ಹೋಗಬಹುದು ಅಂತಾರೆ ಡಾಕ್ಟರುಗಳು. ಹೋಗಿ ಕೂರೋದು ಸಾಮಾನ್ಯವಾಗಿ ಟೆಂಪೊರಲ್ ಲೋಬ್ ಅನ್ನೋ ಜಾಗದಲ್ಲಿ, ಅಂದ್ರೆ ಕಿವಿ ಮೇಲಿನ ಭಾಗದ ಒಳಗೆ. ನೆನಪು, ಮಾತು, ವಾಸನೆ, ಸಿಟ್ಟು, ಭಯ ಎಲ್ಲದಕ್ಕೂ ಸಂಬಂಧಪಟ್ಟ ಜಾಗ ಅದು. ಹಂಗಾಗೇ ಈ ಕಾಯಿಲೆಯವರು ನೋಡೋಕೆ ರೋಗಿ ತರ ಕಾಣದೆ ತಲೆ ಕೆಟ್ಟವರ ತರ ಕಾಣೋದು.

ಕೆಲವು ಮಕ್ಕಳಿಗೆ ಈ ವೈರಸ್ಸನ್ನ ಮೆದುಳಲ್ಲಿ ತಡೆಯೋ ಜೀನ್‌ನಲ್ಲೇ ಹುಟ್ಟಿಂದ ದೋಷ ಇರುತ್ತೆ ಅಂತ 2006, 2007ರ ಸಂಶೋಧನೆಗಳಿಂದ ಗೊತ್ತಾಗಿದೆ. ತಾಯಿ ಎಂತದೋ ತಿನ್ನಿಸಿದ್ದಕ್ಕೆ, ಮಳೇಲಿ ನೆನೆಸಿದ್ದಕ್ಕೆ ಬಂತು ಅಂತ ಯಾರಾದ್ರೂ ಅಂದ್ರೆ ಅದನ್ನ ತಲೆಗೆ ಹಾಕ್ಕೊಬೇಡಿ.

ಮೊದ್ಲು ಏನು ಕಾಣಿಸುತ್ತೆ? ಹೆಂಗೆ ಗುರುತು ಹಿಡಿಯೋದು?

ಜ್ವರ, ತಲೆನೋವು, ವಾಂತಿ, ಇವು ಯಾವ ಜ್ವರಕ್ಕಾದ್ರೂ ಬರುತ್ತೆ. ಇದನ್ನ ಬೇರೆ ಮಾಡೋದು ಅದರ ಹಿಂದೇನೇ ಬರೋ ಬದಲಾವಣೆ. ನಮ್ಮನೇಲಿ ಆಗಿದ್ದು ಹೇಳ್ತೀನಿ.

ಮೊದಲ ದಿನ ಜ್ವರ, 102. ಡೋಲೋ ತಗೊಂಡು ಮಲಗಿದ್ಲು. ಎರಡನೇ ದಿನ ಬೆಳಿಗ್ಗೆಯಿಂದ "ಎಲ್ಲೋ ರಬ್ಬರ್ ಸುಟ್ಟ ವಾಸನೆ ಬತ್ತಾ ಇದ್ದು, ನಿಂಗೆ ಬತ್ತಿಲ್ಯಾ?" ಅಂತ ನಾಲ್ಕೈದು ಸಲ ಕೇಳಿದ್ಲು. ನಾನು ಹೋಗಿ ಬಚ್ಚಲ ಒಲೆ ನೋಡ್ದೆ, ಸ್ವಿಚ್ ಬೋರ್ಡ್ ಮೂಸಿ ನೋಡ್ದೆ, ಏನೂ ಇಲ್ಲ. ಇಲ್ಲದ ವಾಸನೆ ಬರೋದು ಮೆದುಳಿನ ಆ ಭಾಗ ಕೆರಳಿದೆ ಅನ್ನೋದರ ಗುರುತು, ಅದೂ ಒಂದು ಬಗೆ ಫಿಟ್ಸೇ ಇರಬಹುದು ಅಂತ ನಂಗೆ ಗೊತ್ತಾಗಿದ್ದು ಹತ್ತು ದಿನ ಆದ್ಮೇಲೆ. ಮಧ್ಯಾಹ್ನ ಮಜ್ಜಿಗೆ ಕಡೆಯೋಕೆ ಅಂತ ಎದ್ದು ಕಡಗೋಲು ಕೈಲಿ ಹಿಡ್ಕೊಂಡು ನಿಂತಿದ್ದಾಳೆ, "ಇದು... ಇದು... ತಿರುಗ್ಸೋದು" ಅಂತಾಳೆ, ಹೆಸರು ಬರ್ತಿಲ್ಲ. ನಲವತ್ತು ವರ್ಷ ದಿನಾ ಮುಟ್ಟಿದ ಸಾಮಾನು. ಸಂಜೆ ಹೊತ್ತಿಗೆ, ಹತ್ತು ವರ್ಷದ ಹಿಂದೆ ಮಾರಿದ ಆಕಳು ಕರು ಹಾಕ್ತಾ ಅಂತ ಕೇಳಿದ್ಲು, ಇಲ್ಲ ಅಂದಿದ್ದಕ್ಕೆ ಜನ್ಮದಲ್ಲಿ ಬೈಯದ ಮಾತು ಬೈದ್ಲು. ನಾವೆಲ್ಲಾ ಜ್ವರದ ತಾಪಕ್ಕೆ ಬಡಬಡಿಸ್ತಾ ಇದಾಳೆ ಅಂದ್ಕೊಂಡ್ವಿ.

ಜ್ವರ ಏರಿದಾಗ ಬಡಬಡಿಸೋದು ಬೇರೆ, ಅದು ಜ್ವರ ಇಳಿದ ಕೂಡ್ಲೆ ಹೋಗುತ್ತೆ. ಮಾತ್ರೆಗೆ ಜ್ವರ ಇಳಿದು ಮೈ ತಣ್ಣಗಾದ್ಮೇಲೂ ಮನುಷ್ಯ ತಪ್ಪು ತಪ್ಪು ಮಾತಾಡ್ತಾ ಇದ್ರೆ, ಮನೆಯವರ ಗುರುತು ಸಿಗದಿದ್ರೆ, ಒಂದೇ ಕಡೆ ಕೈಯೋ ಬಾಯೋ ಎಳೀತಾ ಇದ್ರೆ, ಎಬ್ಬಿಸಿದ್ರೂ ಮಂಪರಲ್ಲೇ ಇದ್ರೆ, ಅದು ಮೆದುಳಿನ ವಿಷಯ. ಫಿಟ್ಸ್ ಬಂದ್ರಂತೂ ಕೇಳೋದೇ ಬೇಡ. ಆಗ ಕೈಗೆ ಕಬ್ಬಿಣ ಕೊಡೋದು, ಬಾಯಿಗೆ ಚಮಚ ತುರುಕೋದು ಮಾಡಬೇಡಿ, ಒಂದು ಮಗ್ಗಲಿಗೆ ಹೊರಳಿಸಿ ಮಲಗಿಸಿ ಗಡಿಯಾರ ನೋಡಿ, ಐದು ನಿಮಿಷ ದಾಟಿದ್ರೆ ಅದೇ ಒಂದು ದೊಡ್ಡ ಎಮರ್ಜೆನ್ಸಿ.

ನಮ್ಮನೇಲಿ ಗಾಳಿ ಸೋಕಿದೆ, ಮೊದ್ಲು ನೋಟ ಕೇಳ್ಸೋಣ ಅಂತಿದಾರೆ...

ನಮ್ಮನೇಲೂ ಅಂದ್ರು. ದೊಡ್ಡಪ್ಪ ಪ್ರೀತಿಯಿಂದಲೇ ಅಂದಿದ್ದು, ಅವನಿಗೂ ಗಾಬರಿ. ಆ ಕಡೆ ಒಬ್ಬರ ಹತ್ರ ಹೋಗಿ ತೀರ್ಥ ತಂದು, ಈ ಕಡೆ ಒಂದು ಚಿಕ್ಕ ಆಸ್ಪತ್ರೇಲಿ ಇದು ಮಾನಸಿಕ ಇರಬೇಕು ಅಂತ ನಿದ್ದೆ ಇಂಜೆಕ್ಷನ್ ಕೊಟ್ಟು ಕಳಿಸಿ, ಒಟ್ಟು ಒಂದೂವರೆ ದಿನ ಹೋಯ್ತು. ಆ ಒಂದೂವರೆ ದಿನದ ಲೆಕ್ಕ ನಾನು ಈಗ್ಲೂ ಹಾಕ್ತಾ ಇರ್ತೀನಿ. ಆಸ್ಪತ್ರೆಗೆ ಸೇರಿ ಎರಡು ದಿನ ದಾಟಿದ ಮೇಲೆ ಔಷಧಿ ಶುರುವಾದವರು ಚೇತರಿಸ್ಕೊಳ್ಳೋದು ಬೇಗ ಶುರುವಾದವರಿಗಿಂತ ತೀರಾ ಕಮ್ಮಿ ಅಂತ ಅಧ್ಯಯನಗಳು ಹೇಳ್ತವೆ, ಮನೇಲಿ ಕಳೆದ ದಿನಗಳು ಬೇರೆ. ಹರಕೆ ಹೊತ್ಕೊಳ್ಳಿ, ಮಾರಿಕಾಂಬೆಗೆ ಬೇಡ್ಕೊಳ್ಳಿ, ನಾನೂ ಬೇಡ್ಕೊಂಡಿದೀನಿ, ಆದ್ರೆ ಅದನ್ನ ಗಾಡೀಲಿ ಹೋಗ್ತಾ ಬೇಡ್ಕೊಳ್ಳಿ. ಹಿಂದೆಂದೂ ಮಾನಸಿಕ ತೊಂದರೆ ಇಲ್ಲದವರು ಜ್ವರ ಬಂದು ಎರಡು ದಿನಕ್ಕೆ ಹುಚ್ಚುಚ್ಚಾಗಿ ಆಡಿದ್ರೆ ಅದನ್ನ ಮಾನಸಿಕ ಅಂತ ಒಪ್ಕೊಂಡು ಮನೆಗೆ ಬರಬೇಡಿ.

ಇದು ಮಂಗನ ಕಾಯಿಲೆ ಅಲ್ವಾ? ಸಿದ್ದಾಪುರ ಕಡೆ ಜ್ವರ ಅಂದ್ರೆ ಎಲ್ಲ ಅದೇ ಅಂತಾರೆ

ಬೇರೆ ಬೇರೆ. ಮಂಗನ ಕಾಯಿಲೆ ವೈರಸ್ ಸೊರಬದ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಸಿಕ್ಕಿದ್ದು, ಉಣುಗು (ಉಣ್ಣೆ ಹುಳ) ಕಚ್ಚಿ ಬರುತ್ತೆ, ಡಿಸೆಂಬರಿಂದ ಮೇವರೆಗೆ ಜೋರು, ಸೊಪ್ಪಿಗೆ, ದರಕಿಗೆ (ಒಣ ಎಲೆಗೆ) ಕಾಡಿಗೆ ಹೋಗೋರಿಗೆ ಹೆಚ್ಚು. ಅದರಲ್ಲೂ ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಜ್ವರ ಬಂದು ಮೆದುಳಿಗೆ ತೊಂದರೆ ಆಗುತ್ತೆ, ಹಂಗಾಗಿ ಗೊಂದಲ ಸಹಜ. ಹರ್ಪಿಸ್‌ದಕ್ಕೆ ಕಾಲ ಇಲ್ಲ, ಉಣುಗು ಬೇಡ, ಸೊಳ್ಳೆ ಬೇಡ, ಮನೆ ಬಾಗಿಲು ದಾಟದವರಿಗೂ ಬರಬಹುದು. ಸೊಳ್ಳೆಯಿಂದ ಬರೋ ಜಪಾನೀಸ್ ಎನ್ಸೆಫಲೈಟಿಸ್, ಮಲೇರಿಯಾ, ಚಿಗರ್ ಅನ್ನೋ ಸಣ್ಣ ನುಸಿಮರಿ ಕಚ್ಚಿ ಬರೋ ಸ್ಕ್ರಬ್ ಟೈಫಸ್, ಟಿಬಿ, ಇವೆಲ್ಲಾ ಮೆದುಳಿಗೆ ಹೋಗೋ ಕಾಯಿಲೆಗಳೇ.

ಇದರಲ್ಲಿ ಯಾವುದು ಅಂತ ಮನೇಲಿ ಕೂತು ಯಾರಿಗೂ ಹೇಳೋಕಾಗಲ್ಲ, ಹೇಳೋ ಅಗತ್ಯನೂ ಇಲ್ಲ. ದೊಡ್ಡಾಸ್ಪತ್ರೇಲಿ ಯಾವುದು ಅಂತ ಗೊತ್ತಾಗೋ ಮೊದ್ಲೇ ಹರ್ಪಿಸ್‌ಗೆ ಅಸೈಕ್ಲೋವಿರ್, ಬ್ಯಾಕ್ಟೀರಿಯಾಕ್ಕೆ ಆಂಟಿಬಯೋಟಿಕ್, ಸ್ಕ್ರಬ್ ಟೈಫಸ್ ಅನುಮಾನ ಇದ್ರೆ ಡಾಕ್ಸಿಸೈಕ್ಲಿನ್ ಒಟ್ಟಿಗೇ ಶುರು ಮಾಡ್ತಾರೆ, ರಿಪೋರ್ಟ್ ಬಂದ ಹಾಗೆ ಬೇಡದ್ದನ್ನ ನಿಲ್ಲಿಸ್ತಾರೆ. ಇಷ್ಟೆಲ್ಲಾ ಯಾಕೆ ಕೊಡ್ತಿದಾರೆ, ದುಡ್ಡು ಮಾಡೋಕಾ ಅಂತ ಒಬ್ಬರು ನಂಗೆ ಫೋನಲ್ಲಿ ಕೇಳಿದ್ರು. ಅಲ್ಲ, ಅದೇ ಸರಿಯಾದ ಕ್ರಮ.

ಎಲ್ಲಿಗೆ ಕರ್ಕೊಂಡು ಹೋಗೋದು?

ಎಂಆರ್‌ಐ, ಐಸಿಯು, ನರರೋಗ ತಜ್ಞರು ಮೂರೂ ಒಂದೇ ಕಡೆ ಇರೋ ಜಾಗಕ್ಕೆ. ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಎಷ್ಟು ವರ್ಷದಿಂದ ಕೂಗ್ತಾ ಇದೀವಿ ಅನ್ನೋದು ಎಲ್ರಿಗೂ ಗೊತ್ತಿರೋದೇ. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ಅಲ್ಲಿಯವರು ಮೊದ್ಲು ಅಲ್ಲಿಗೆ ಹೋಗಿ, ಮುಂದೆ ಬೇಕಾದ್ರೆ ಗೋವಾದ ಬಾಂಬೋಳಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹತ್ರ ಆಗುತ್ತೆ. ಹೊನ್ನಾವರ, ಭಟ್ಕಳದವರಿಗೆ ಮಣಿಪಾಲ, ಮಂಗಳೂರು. ಶಿರಸಿ, ಯಲ್ಲಾಪುರ, ಮುಂಡಗೋಡದವರಿಗೆ ಹುಬ್ಬಳ್ಳಿ. ಶಿರಸಿಯಿಂದ ಹುಬ್ಬಳ್ಳಿ ನೂರು ಕಿಲೋಮೀಟರ್ ಹತ್ರ ಹತ್ರ, ಆಯಿಗೆ ಮುಂಡಗೋಡ ದಾಟೋ ಹೊತ್ತಿಗೆ ಮೊದಲ ಫಿಟ್ಸ್ ಬಂತು, ಕಾರಲ್ಲಿ ನನ್ನ ತೊಡೆ ಮೇಲೆ ತಲೆ ಇತ್ತು, ಅಣ್ಣ ಡ್ರೈವ್ ಮಾಡ್ತಾ ಹಿಂದೆ ತಿರುಗಿ ನೋಡೋಕೂ ಆಗ್ದೆ ಅಳ್ತಾ ಇದ್ದ. ಅದಕ್ಕೇ ಹೇಳೋದು, ಸಾಧ್ಯ ಆದ್ರೆ 108 ಆಂಬುಲೆನ್ಸ್ ಕರೀರಿ, ಆಕ್ಸಿಜನ್ನೂ ಫಿಟ್ಸ್ ಇಂಜೆಕ್ಷನ್ನೂ ಗಾಡೀಲಿ ಇರೋದು ದೊಡ್ಡ ವಿಷಯ.

ಮಳೆಗಾಲದಲ್ಲಿ ಹೊರಡೋ ಮೊದ್ಲು ದಾರಿ ವಿಚಾರಿಸಿ. 2024ರ ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ 66 ಎಷ್ಟೋ ದಿನ ಬಂದ್ ಇತ್ತು. ತಾಲೂಕು ಆಸ್ಪತ್ರೇಲಿ ರೆಫರ್ ಮಾಡ್ತಾ ಇದ್ರೆ, "ಮೆದುಳು ಜ್ವರ ಅನ್ನೋ ಅನುಮಾನ ಇದ್ರೆ ಅಸೈಕ್ಲೋವಿರ್ ಮೊದಲ ಡೋಸ್ ಇಲ್ಲೇ ಹಾಕಿ ಕಳಿಸೋಕಾಗುತ್ತಾ ಸರ್" ಅಂತ ಕೇಳಿ. ಕೇಳೋದಕ್ಕೆ ಸಂಕೋಚ ಬೇಡ. ಘಟ್ಟ ಇಳಿದು ದೊಡ್ಡಾಸ್ಪತ್ರೆ ಮುಟ್ಟಿ ಅಡ್ಮಿಷನ್ ಆಗೋದ್ರೊಳಗೆ ಆರೇಳು ಗಂಟೆ ಹೋಗುತ್ತೆ, ಆ ಆರೇಳು ಗಂಟೆ ಔಷಧಿ ಮೈಯಲ್ಲಿ ಇದ್ರೆ ಎಷ್ಟೋ ಒಳ್ಳೇದು.

ಬೆನ್ನಿಂದ ನೀರು ತೆಗೀತೀವಿ ಅಂತಿದಾರೆ, ಸೊಂಟ ಬಿದ್ದು ಹೋಗುತ್ತಂತೆ ಹೌದಾ?

ಅಲ್ಲ. ಇದೊಂದು ಹೆದರಿಕೆಯಿಂದ ಎಷ್ಟು ಜನ ಸಹಿ ಹಾಕದೆ ದಿನ ಕಳೀತಾರೋ. ಬೆನ್ನುಹುರಿ ಸೊಂಟಕ್ಕಿಂತ ಮೇಲೇ ಮುಗಿಯುತ್ತೆ, ಸೂಜಿ ಹಾಕೋದು ಅದಕ್ಕಿಂತ ಕೆಳಗೆ, ಅಲ್ಲಿರೋದು ನೀರಲ್ಲಿ ತೇಲೋ ನರದ ಎಳೆಗಳು. ತೆಗೆಯೋದು ಕೆಲವೇ ಚಮಚದಷ್ಟು, ಮೆದುಳು ದಿನಕ್ಕೆ ಸುಮಾರು ಅರ್ಧ ಲೀಟರ್ ಹೊಸದಾಗಿ ಮಾಡ್ಕೊಳ್ಳುತ್ತೆ. ಆಯಿಗೆ ತೆಗೆದಾಗ ನಾನು ಪರದೆ ಆಚೆ ನಿಂತಿದ್ದೆ, ತಿಳಿಯಾದ ಎಳನೀರಿನಂತ ನೀರು ಹನಿ ಹನಿ ಬಾಟಲಿಗೆ ಬೀಳ್ತಿತ್ತು. ಸಾಮಾನ್ಯವಾಗಿ ಕೆಲವು ದಿನ ತಲೆನೋವು ಬರಬಹುದು ಅಷ್ಟೇ. ಮೆದುಳಲ್ಲಿ ಒತ್ತಡ ಜಾಸ್ತಿ ಇದೆ ಅನ್ನಿಸಿದ್ರೆ ಮೊದ್ಲು ಸ್ಕ್ಯಾನ್ ಮಾಡಿ ನೋಡ್ಕೊಂಡೇ ತೆಗೀತಾರೆ.

ಆ ನೀರಲ್ಲಿ ಪಿಸಿಆರ್ ಅನ್ನೋ ಪರೀಕ್ಷೆ ಮಾಡಿ ವೈರಸ್ ಹುಡುಕ್ತಾರೆ. ಮೊದಲ ಎರಡು ಮೂರು ದಿನದೊಳಗೆ ತೆಗೆದಿದ್ರೆ ಕಾಯಿಲೆ ಇದ್ರೂ ನೆಗೆಟಿವ್ ಬರೋದುಂಟು, ಹಂಗಾಗಿ ಅನುಮಾನ ಗಟ್ಟಿ ಇದ್ರೆ ಕೆಲವು ದಿನ ಬಿಟ್ಟು ಇನ್ನೊಂದ್ಸಲ ತೆಗೀತಾರೆ. ಎರಡನೇ ಸಲ ಕೇಳಿದಾಗ ಮೊದಲನೇದು ಹಾಳು ಮಾಡಿದ್ರು ಅಂತ ಜಗಳ ಆಡಬೇಡಿ. ಎಂಆರ್‌ಐ, ಮೆದುಳಿನ ವಿದ್ಯುತ್ ಅಲೆ ನೋಡೋ ಇಇಜಿನೂ ಮಾಡ್ತಾರೆ. ಬರೀ ಸಿಟಿ ಸ್ಕ್ಯಾನ್ ಶುರುಶುರುಲಿ ನಾರ್ಮಲ್ ಬಂತು ಅಂತ ಮನೆಗೆ ಹೊರಡೋ ಹಾಗಿಲ್ಲ.

ಔಷಧಿ ಏನು? ಮಾತ್ರೆ ಸಾಲಲ್ವಾ?

ಅಸೈಕ್ಲೋವಿರ್. ಗೆರ್ಟ್ರೂಡ್ ಎಲಿಯನ್ ಅನ್ನೋ ಅಮೆರಿಕದ ವಿಜ್ಞಾನಿಯ ತಂಡ ರೂಪಿಸಿದ್ದು, 1988ರಲ್ಲಿ ನೊಬೆಲ್ ಬಂದ ಮೂವರಲ್ಲಿ ಆಕೆ ಒಬ್ಬಳು. ಈ ಔಷಧಿ ವೈರಸ್ ಹೊಕ್ಕ ಜೀವಕೋಶದೊಳಗೆ ಹೋಗಿ, ಅಲ್ಲಿ ವೈರಸ್‌ನದೇ ಒಂದು ಕಿಣ್ವದಿಂದ ಚುರುಕಾಗುತ್ತೆ, ಹಂಗಾಗಿ ಒಳ್ಳೇ ಜೀವಕೋಶಕ್ಕೆ ತೊಂದರೆ ಕಮ್ಮಿ. ಇದು ಬರೋ ಮೊದ್ಲು, ಚಿಕಿತ್ಸೆ ಇಲ್ಲದ ನೂರು ಜನರಲ್ಲಿ ಎಪ್ಪತ್ತು ಜನ ತೀರಿ ಹೋಗ್ತಿದ್ರು. 1986ರಲ್ಲಿ ಅಮೆರಿಕದವರು ಹಳೇ ಔಷಧಿ ಜೊತೆ ಹೋಲಿಸಿ ನೋಡಿದಾಗ ಹಳೇದರಲ್ಲಿ ನೂರಕ್ಕೆ 54, ಇದರಲ್ಲಿ 28 ಸಾವು. ಈಗ ಇನ್ನೂ ಕಮ್ಮಿ ಆಗಿದೆ, ಬೇಗ ಶುರು ಮಾಡಿದವರಲ್ಲಿ.

ದೊಡ್ಡವರಿಗೆ ತೂಕದ ಒಂದು ಕೆಜಿಗೆ 10 ಮಿಲಿಗ್ರಾಂ ಲೆಕ್ಕದಲ್ಲಿ ಎಂಟು ಗಂಟೆಗೊಮ್ಮೆ ಡ್ರಿಪ್‌ನಲ್ಲಿ, 14ರಿಂದ 21 ದಿನ. ಮಾತ್ರೇಲಿ ಮೆದುಳಿಗೆ ಬೇಕಾದಷ್ಟು ಮುಟ್ಟಲ್ಲ. ಹತ್ತನೇ ದಿನಕ್ಕೆ ಚೆನ್ನಾಗಿ ಮಾತಾಡ್ತಿದಾರೆ, ತೋಟಕ್ಕೆ ಮದ್ದು ಹೊಡೆಯೋದಿದೆ, ಅಡಿಕೆಗೆ ಕೊಳೆರೋಗ ಬಂದಿದೆ, ಮಾತ್ರೆ ಬರ್ಕೊಡಿ ಮನೆಗೆ ಹೋಗ್ತೀವಿ ಅನ್ನೋರು ಇದಾರೆ, ಅದು ಬಹಳ ಅಪಾಯ, ಅರ್ಧಕ್ಕೆ ಬಿಟ್ರೆ ಕಾಯಿಲೆ ವಾಪಸ್ ಬರಬಹುದು. ಕಿಡ್ನಿಗೆ ಭಾರ ಆಗಬಾರದು ಅಂತ ಸಲೈನ್ ಚೆನ್ನಾಗಿ ಹೋಗ್ತಾ ಇರಬೇಕು, ಕಿಡ್ನಿ ಹೆಂಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಆಗಾಗ ಮಾಡ್ತಾರೆ, ಮೂತ್ರ ಕಮ್ಮಿ ಆದ್ರೆ ನರ್ಸಿಗೆ ಹೇಳಿ.

ಖರ್ಚು?

ಔಷಧಿಗಿಂತ ಐಸಿಯು ದಿನಗಳದ್ದೇ ಭಾರ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ರೇಷನ್ ಕಾರ್ಡ್, ಆಧಾರ್ ಹೊರಡುವಾಗಲೇ ಚೀಲಕ್ಕೆ ಹಾಕ್ಕೊಳ್ಳಿ, ನಾವು ಮರೆತು ಅಣ್ಣ ಮಾರನೇ ದಿನ ವಾಪಸ್ ಬರಬೇಕಾಯ್ತು.

ಹತ್ರ ಕೂತ್ರೆ ನಮಗೂ ಬರುತ್ತಾ?

ಮೆದುಳಿನ ಉರಿಯೂತ ಅಂಟಲ್ಲ. ಕೈ ಹಿಡ್ಕೊಂಡು ಕೂರಿ, ಅವರಿಗೆ ಅದು ಬೇಕು.

ಮನೇಲಿ ಬಾಣಂತಿ, ಕೂಸು ಇದೆ, ಏನಾದ್ರೂ ಜಾಗ್ರತೆ?

ಇದೆ. ಹಸುಗೂಸುಗಳಿಗೆ ಈ ವೈರಸ್ ಬಹಳ ಕ್ರೂರ. ಹೆರಿಗೆ ಹೊತ್ತಲ್ಲಿ ತಾಯಿಯಿಂದ ಬರೋದು ಒಂದು, ಅದು ಹೆಚ್ಚಾಗಿ ಎರಡನೇ ಬಗೆದು, ಗರ್ಭಿಣಿಗೆ ಕೆಳಗೆ ಗುಳ್ಳೆ, ಹುಣ್ಣು ಇದ್ರೆ ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಲೇಬೇಕು. ಇನ್ನೊಂದು, ತುಟಿ ಮೇಲೆ ಗುಳ್ಳೆ ಇಟ್ಕೊಂಡು ಬಂದ ನೆಂಟರು ಕೂಸಿಗೆ ಮುತ್ತು ಕೊಡೋದು. ತೊಟ್ಟಿಲ ಶಾಸ್ತ್ರಕ್ಕೆ ಬಂದವರಿಗೆ ಬೇಡ ಅನ್ನೋದು ಕಷ್ಟ, ಆದ್ರೂ ಅನ್ನಿ. ಕೂಸು ಹಾಲು ಬಿಟ್ಟು, ಎಬ್ಬಿಸಿದ್ರೂ ಏಳದೆ, ಮೈ ಜೋತು ಬಿದ್ರೆ ಜ್ವರ ಇರದಿದ್ರೂ ಓಡಿ.

ಸರ್ಪಸುತ್ತೂ ಹರ್ಪಿಸ್ ಅಂತಾರಲ್ಲ?

ಹೌದು, ಅದೇ ವಂಶದ ಇನ್ನೊಂದು ವೈರಸ್, ಚಿಕನ್ ಪಾಕ್ಸ್ ತರೋದು. ಅದೂ ಕೆಲವರಲ್ಲಿ, ಮುಖ್ಯವಾಗಿ ವಯಸ್ಸಾದವರಲ್ಲಿ, ಮೆದುಳಿಗೆ ಹೋಗಬಹುದು. ಕಣ್ಣು, ಕಿವಿ ಹತ್ರ ಸರ್ಪಸುತ್ತು ಎದ್ರೆ ಕೆಮ್ಮಣ್ಣು ಹಚ್ಚಿ ಮಂತ್ರ ಹಾಕಿಸಿ ಕೂರಬೇಡಿ, ಮಾತ್ರೆ ಮೂರು ದಿನದೊಳಗೆ ಶುರುವಾದ್ರೆ ಹೆಚ್ಚು ಉಪಯೋಗ. ಸರ್ಪಸುತ್ತಿಗೆ ಲಸಿಕೆ ಇದೆ, ಹರ್ಪಿಸ್ ಸಿಂಪ್ಲೆಕ್ಸ್‌ಗೆ ಇನ್ನೂ ಬಂದಿಲ್ಲ.

ವಾಸಿಯಾಗಿ ಮನೆಗೆ ಬಂದು ತಿಂಗಳಿಗೆ ಮತ್ತೆ ವಿಚಿತ್ರವಾಗಿ ಆಡ್ತಿದಾರೆ, ಕಾಯಿಲೆ ತಿರುಗಿ ಬಂತಾ?

ಇರಬಹುದು, ಇಲ್ಲಾ ಬೇರೆನೇ ಒಂದು ಇರಬಹುದು. ವೈರಸ್ ಜೊತೆ ಹೋರಾಡಿದ ಮೈ ಕೆಲವರಲ್ಲಿ ತನ್ನ ಮೆದುಳಿನ ಮೇಲೇ ತಿರುಗಿ ಬೀಳುತ್ತೆ, ಆಟೋಇಮ್ಯೂನ್ ಎನ್ಸೆಫಲೈಟಿಸ್ ಅಂತಾರೆ. 2018ರಲ್ಲಿ ಬಂದ ಸ್ಪೇನ್‌ನ ಒಂದು ಅಧ್ಯಯನದಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಹೀಗಾಗಿತ್ತು, ಹೆಚ್ಚಿನವರಿಗೆ ಮೊದಲ ಎರಡು ತಿಂಗಳೊಳಗೆ. ನಿದ್ದೆ ಹೋಗೋದು, ಸುಮ್ನೆ ಕಿರುಚೋದು, ಮಕ್ಕಳಲ್ಲಿ ಕೈಕಾಲು ತನ್ನಷ್ಟಕ್ಕೇ ಆಡೋದು. ಇದಕ್ಕೆ ಸ್ಟೀರಾಯ್ಡ್ ಮತ್ತೆ ಬೇರೆ ಚಿಕಿತ್ಸೆ ಇದೆ. ಕಾಯಿಲೆಯಿಂದ ತಲೆ ಹಿಂಗೇ ಆಗಿಹೋಯ್ತು ಅಂತ ಕೈ ಚೆಲ್ಲಬೇಡಿ, ವಾಪಸ್ ಕರ್ಕೊಂಡು ಹೋಗಿ.

ಮೊದಲಿನ ಹಾಗೆ ಆಗ್ತಾರಾ?

ಕೆಲವರು ಆಗ್ತಾರೆ. ಸುಮಾರು ಜನರಿಗೆ ಏನಾದ್ರೂ ಉಳಿಯುತ್ತೆ, ನೆನಪಿನ ತೊಂದರೆ, ಬೇಗ ಸಿಟ್ಟು, ದಣಿವು, ಫಿಟ್ಸ್. ಬ್ರಿಟನ್ನಿನ ಸಂಗೀತಗಾರ ಕ್ಲೈವ್ ವೇರಿಂಗ್ ಅವರಿಗೆ 1985ರಲ್ಲಿ ಇದೇ ಕಾಯಿಲೆ ಬಂದು ಹೊಸ ನೆನಪು ಅರೆಗಳಿಗೆ ಕೂಡ ನಿಲ್ಲದ ಹಾಗಾಯ್ತು, ಆದ್ರೂ ಪಿಯಾನೋ ಮುಂದೆ ಕೂತ್ರೆ ಬಾರಿಸ್ತಿದ್ರು. ಆಯಿದು ಅಷ್ಟು ತೀವ್ರ ಅಲ್ಲ, ಆದ್ರೆ ಅದನ್ನ ಓದಿದಾಗ ನಂಗೆ ಅವಳ ಹಾಡು ನೆನಪಾಯ್ತು. ಬೆಳಿಗ್ಗೆ ದೋಸೆ ತಿಂದಿದ್ದು ಹನ್ನೊಂದಕ್ಕೆ ಮರೆತಿರ್ತಾಳೆ, ಮದುವೆ ಮನೇಲಿ ಆರತಿ ಹಾಡು ಶುರು ಮಾಡಿದ್ರೆ ಒಂದು ಸಾಲೂ ಬಿಡಲ್ಲ. ಕೈಗೆ, ಗಂಟಲಿಗೆ ರೂಢಿಯಾದ ಕೆಲಸದ ನೆನಪು ಮೆದುಳಲ್ಲಿ ಬೇರೆ ಕಡೆ ಇರುತ್ತೆ, ಹಂಗಾಗಿ ಅಂಥ ಕೆಲಸ ಕಿತ್ಕೊಳ್ಳಬೇಡಿ. ಆಯಿ ಈಗ್ಲೂ ಹೂ ಕಟ್ತಾಳೆ, ಮಜ್ಜಿಗೆ ಕಡೀತಾಳೆ, ಕಡಗೋಲಿನ ಹೆಸರು ಕೆಲವು ದಿನ ಬರುತ್ತೆ ಕೆಲವು ದಿನ ಬರಲ್ಲ.

ಮನೇಲಿ ನಾವು ಮಾಡ್ಕೊಂಡಿದ್ದು: ಫಿಟ್ಸ್ ಮಾತ್ರೆ ಡಬ್ಬಿಗೆ ವಾರ ಬರೆದು ದೇವರ ಗೂಡಿನ ಪಕ್ಕ ಇಟ್ಟಿದೀವಿ, ಅದನ್ನ ಡಾಕ್ಟರ್ ಹೇಳದೇ ಒಂದು ದಿನವೂ ಬಿಡೋ ಹಾಗಿಲ್ಲ. ಕ್ಯಾಲೆಂಡರಲ್ಲಿ ಇವತ್ತಿನ ದಿನಕ್ಕೆ ಕೆಂಪು ಸುತ್ತು. ಗ್ಯಾಸ್ ಒಲೆ ಹತ್ರ ಒಬ್ಬಳನ್ನೇ ಬಿಡಲ್ಲ, ಬಾವಿಗೆ ಕಬ್ಬಿಣದ ಜಾಲರಿ ಹಾಕ್ಸಿದ್ವಿ, ಹಳ್ಳದ ಕಡೆ ತೋಟಕ್ಕೆ ಹೋಗೋದಾದ್ರೆ ಜೊತೆಗೆ ಯಾರಾದ್ರೂ ಇರ್ತಾರೆ. ಕೇಳಿದ್ದನ್ನೇ ಹತ್ತು ಸಲ ಕೇಳ್ತಾಳೆ, ಆ ಆಕಳ ವಿಷಯ ಈಗ್ಲೂ. ಇಲ್ಲ ಅಂದ್ರೆ ಬೇಜಾರಾಗುತ್ತೆ ಅವಳಿಗೆ, ಅದಕ್ಕೆ ಇನ್ನೂ ದಿನ ಇದೆ ಆಯಿ ಅಂತೀನಿ.